ಹೂಳಿದ ಆಟಕ್ಕೆ ಬಂದ ಬೆಲೆ

ಮಾವ: ಹಳೆಯ ವಿಡಿಯೊ ಗೇಮುಗಳನ್ನು ನೀನು ಶ್ರದ್ಧೆಯಿಂದ ಸಂಗ್ರಹಿಸುತ್ತಿರುವುದನ್ನು ಬಹುಕಾಲದಿಂದ ನೋಡುತ್ತ ಬಂದಿದ್ದೇನೆ, ಅದರಲ್ಲಿ ಆಕ್ಷೇಪಿಸತಕ್ಕದ್ದೇನೂ ನನಗೆ ಕಂಡಿಲ್ಲ. ಆದರೆ ಮೊನ್ನೆ ನೀನು ಹೇಳಿದ ಒಂದು ವೃತ್ತಾಂತ ಮಾತ್ರ ನನ್ನ ಮನಸ್ಸಿನಲ್ಲಿ ಇನ್ನೂ ಜೀರ್ಣವಾಗದೆ ಉಳಿದಿದೆ. ಆಡಲು ಚೆನ್ನಾಗಿಲ್ಲವೆಂದು ಜನರಿಂದ ತಿರಸ್ಕೃತವಾಗಿ, ಅಂಗಡಿಗಳಿಂದ ಹಿಂದಿರುಗಿ ಬಂದು, ಕೊನೆಗೆ ಮರುಭೂಮಿಯ ಕಸದ ಗುಂಡಿಯೊಂದನ್ನು ಸೇರಿದ ಆಟವನ್ನು ಮೂವತ್ತು ವರ್ಷಗಳಾದ ಮೇಲೆ ಅಗೆದು ತೆಗೆದರೆಂದೂ, ಜಜ್ಜಿಹೋಗಿ ಮಣ್ಣು ಮೆತ್ತಿದ ಆ ಡಬ್ಬಿಗಳ ಪೈಕಿ ಕೆಲವಕ್ಕೆ ಹರಾಜಿನಲ್ಲಿ ಸಾವಿರ ಡಾಲರಿಗೂ ಮೀರಿದ ಬೆಲೆ ಬಂದಿತೆಂದೂ ಹೇಳಿದೆಯಲ್ಲ, ಆ ಬೆಲೆ ಯಾವುದರ ಬೆಲೆ? ಆಟದ ಸೊಗಸಿನದೆನ್ನೋಣವೆಂದರೆ ಆಟ ನೀರಸವೆಂದು ಪ್ರಸಿದ್ಧವಾದದ್ದು. ವಸ್ತುವಿನ ಸ್ಥಿತಿಯದೆನ್ನೋಣವೆಂದರೆ ವಸ್ತು ಹಾಳಾದದ್ದು. ವಿರಳತೆಯದೆನ್ನೋಣವೆಂದರೆ ಅದೇ ಆಟ ಲಕ್ಷೋಪಲಕ್ಷ ಪ್ರತಿಗಳಲ್ಲಿ ತಯಾರಾದದ್ದು. ಈ ಮೂರೂ ಇಲ್ಲದ ಕಡೆ ಹುಟ್ಟಿಕೊಂಡ ಮೌಲ್ಯವನ್ನು ಭ್ರಾಂತಿಯೆಂದು ಕರೆಯದೆ ಮತ್ತೇನೆಂದು ಕರೆಯೋಣ?

ಅಳಿಯ: ನಿಮ್ಮ ಪ್ರಶ್ನೆ ನ್ಯಾಯವಾದದ್ದೇ, ಮಾವ. ಆದರೆ ಭ್ರಾಂತಿಯೆಂದು ತೀರ್ಪು ಕೊಡುವ ಮುನ್ನ ಆ ಆಟ ಹುಟ್ಟಿದ ಬಗೆಯನ್ನೂ ಅಳಿದ ಬಗೆಯನ್ನೂ ಕ್ರಮವಾಗಿ ಹೇಳಲು ಅವಕಾಶ ಕೊಡಿ. ಏಕೆಂದರೆ ಆ ಬೆಲೆಯ ಮರ್ಮವೆಲ್ಲ ಆ ವೃತ್ತಾಂತದಲ್ಲಿಯೇ ಅಡಗಿದೆ. 1982ರ ಜೂನ್ ತಿಂಗಳಿನಲ್ಲಿ ಅಮೆರಿಕದಲ್ಲಿ ಸ್ಟೀವನ್ ಸ್ಪೀಲ್‌ಬರ್ಗ್ ಅವರ ‘ಇ.ಟಿ.’ ಎಂಬ ಚಲನಚಿತ್ರ ತೆರೆಗೆ ಬಂದಿತು. ಅನ್ಯಲೋಕದಿಂದ ಬಂದು ಭೂಮಿಯ ಮೇಲೆ ಒಂಟಿಯಾಗಿ ಉಳಿದುಹೋದ ಜೀವಿಯೊಂದು ಎಲಿಯಟ್ ಎಂಬ ಬಾಲಕನ ಸ್ನೇಹವನ್ನು ಪಡೆದು, ತನ್ನವರಿಗೆ ಸಂದೇಶ ಕಳುಹಿಸಿ, ಮರಳಿ ಮನೆ ಸೇರುವ ಕಥೆ ಅದು. ಆ ಕಾಲದಲ್ಲಿ ಮನೆಮನೆಯ ಟೆಲಿವಿಷನ್ನಿಗೆ ಜೋಡಿಸಿ ಆಡುವ ಯಂತ್ರಗಳ ವ್ಯಾಪಾರದಲ್ಲಿ ಅಗ್ರಸ್ಥಾನದಲ್ಲಿದ್ದುದು ಅಟಾರಿ ಎಂಬ ಸಂಸ್ಥೆ. ಅದರ ಒಡೆತನ ವಾರ್ನರ್ ಕಮ್ಯುನಿಕೇಷನ್ಸ್ ಎಂಬ ಮಹಾಸಂಸ್ಥೆಯದು. ಚಿತ್ರದ ಅಪಾರ ಜನಪ್ರಿಯತೆಯನ್ನು ಕಂಡ ಈ ಒಡೆಯರು, ಅದನ್ನು ಆಟವಾಗಿ ಮಾಡುವ ಹಕ್ಕನ್ನು ಪಡೆಯಲು 2 ಕೋಟಿ ಡಾಲರಿಗೂ ಮೇಲ್ಪಟ್ಟ ಮೊತ್ತವನ್ನು ಒಪ್ಪಿಕೊಂಡರೆಂದು ವರದಿಗಳು ಹೇಳುತ್ತವೆ. ಹಕ್ಕಿನ ಮಾತುಕತೆ ಮುಗಿಯುವ ಹೊತ್ತಿಗೆ ಜುಲೈ ತಿಂಗಳು ಕೊನೆಗಾಣುತ್ತಿತ್ತು. ಕ್ರಿಸ್‌ಮಸ್ ಹಬ್ಬದ ಮಾರಾಟಕ್ಕೆ ಸರಕು ಅಂಗಡಿ ಸೇರಬೇಕಾದರೆ ಆಟದ ಪ್ರೋಗ್ರಾಂ ಸೆಪ್ಟೆಂಬರ್ ಆರಂಭಕ್ಕೆ ಸಿದ್ಧವಾಗಲೇಬೇಕಾಗಿತ್ತು. ಸಾಮಾನ್ಯವಾಗಿ ಆರೇಳು ತಿಂಗಳು ಹಿಡಿಯುತ್ತಿದ್ದ ಕೆಲಸ ಹೀಗೆ ಐದು ವಾರಗಳಿಗೆ ಇಳಿಯಿತು. ಆ ಭಾರವನ್ನು ಹೊತ್ತವರು ಹೊವರ್ಡ್ ಸ್ಕಾಟ್ ವಾರ್ಷಾ ಎಂಬ ತರುಣ ಪ್ರೋಗ್ರಾಮರ್, ಅವರೊಬ್ಬರೇ.

ಮಾವ: ಒಬ್ಬರೇ ಎಂದೆಯಾ? ಇಂದು ಒಂದು ಆಟಕ್ಕೆ ನೂರಾರು ಜನ ದುಡಿಯುತ್ತಾರೆಂದು ಕೇಳಿದ್ದೇನೆ.

ಅಳಿಯ: ಅಂದಿನ ಪದ್ಧತಿಯೇ ಹಾಗಿತ್ತು, ಕಲ್ಪನೆ, ಚಿತ್ರ, ನಿಯಮ, ಪ್ರೋಗ್ರಾಂ ಎಲ್ಲವೂ ಬಹುಮಟ್ಟಿಗೆ ಒಬ್ಬನ ಕೈಯಿಂದಲೇ ಆಗುತ್ತಿದ್ದವು. ವಾರ್ಷಾ ಅವರು ಅಸಮರ್ಥರಾಗಿರಲಿಲ್ಲವೆಂಬುದನ್ನೂ ಇಲ್ಲಿಯೇ ಹೇಳಬೇಕು. ಅದಕ್ಕೆ ಮುಂಚೆ ಅವರು ರಚಿಸಿದ್ದ ‘ಯಾರ್ಸ್ ರಿವೆಂಜ್’ ಎಂಬ ಬಾಹ್ಯಾಕಾಶದ ಆಟವನ್ನು ಆ ಯಂತ್ರದ ಅತ್ಯುತ್ತಮ ಆಟಗಳ ಪಂಕ್ತಿಯಲ್ಲಿ ಇಂದಿಗೂ ಎಣಿಸುತ್ತಾರೆ. ಇನ್ನು ಅವರ ಕೈಗೆ ಸಿಕ್ಕಿದ್ದ ಯಂತ್ರದ ಶಕ್ತಿಯಾದರೂ ಎಷ್ಟು? ಅಟಾರಿ 2600 ಎಂಬ ಆ ಯಂತ್ರದಲ್ಲಿ ಕ್ಷಣಕ್ಷಣಕ್ಕೂ ಬದಲಾಗುವ ಸಂಗತಿಗಳನ್ನು ನೆನಪಿಡಲು ಇದ್ದ ಸ್ಥಳ ಬರಿಯ 128 ಬೈಟುಗಳು. ಇಡೀ ಚಿತ್ರವನ್ನು ಒಮ್ಮೆಗೆ ಹಿಡಿದಿಡುವುದು ಅಷ್ಟರಲ್ಲಿ ಶಕ್ಯವೇ ಇಲ್ಲವಾದುದರಿಂದ, ಟೆಲಿವಿಷನ್ನಿನ ಕಿರಣ ಪರದೆಯ ಮೇಲೆ ಗೆರೆಗೆರೆಯಾಗಿ ಇಳಿಯುತ್ತಿರುವಾಗಲೇ, ಅದು ಮುಂದಿನ ಗೆರೆಯನ್ನು ಮುಟ್ಟುವುದರೊಳಗಾಗಿ, ಆ ಗೆರೆಗೆ ಬೇಕಾದ ಬಣ್ಣವನ್ನೂ ಆಕಾರವನ್ನೂ ಪ್ರೋಗ್ರಾಂ ಒದಗಿಸುತ್ತ ಹೋಗಬೇಕಾಗಿತ್ತು. ಇಗೋ, ಇದೇ ಆ ಕಾರ್ಟ್ರಿಡ್ಜ್. ಅಗೆದು ತೆಗೆದದ್ದಲ್ಲ, ಅಂದು ಅಂಗಡಿಯಲ್ಲಿ ಮಾರಾಟವಾದ ಸಾಧಾರಣ ಪ್ರತಿ. ಅಂಗೈಯಗಲದ ಈ ಕಪ್ಪು ಪ್ಲಾಸ್ಟಿಕ್ ಡಬ್ಬಿಯನ್ನು ಬಿಚ್ಚಿದರೆ ಒಳಗೆ ಕಾಣುವುದು ಒಂದು ಚಿಕ್ಕ ಹಲಗೆ, ಅದರ ಮೇಲೆ ಒಂದು ಚಿಪ್, ಅಂಚಿನಲ್ಲಿ ಸಾಲಾಗಿ ಹಚ್ಚಿದ ಲೋಹದ ಪಟ್ಟಿಗಳು. ಚಿಪ್ಪಿನಲ್ಲಿ ಅಡಕವಾಗಿರುವ ಸಮಸ್ತ ಆಟದ ಪ್ರಮಾಣ 8 ಕಿಲೋಬೈಟು. ನಾವು ಈವರೆಗೆ ಆಡಿರುವ ಮಾತನ್ನು ಕನ್ನಡ ಅಕ್ಷರಗಳಲ್ಲಿ ಕಂಪ್ಯೂಟರಿಗೆ ಹಾಕಿದರೆ ಅದಕ್ಕಿಂತ ಹೆಚ್ಚಿನ ಸ್ಥಳ ಬೇಕಾದೀತು.

ಮಾವ: ಅಷ್ಟರಲ್ಲಿ ಅನ್ಯಲೋಕದ ಜೀವಿ, ಬಾಲಕ, ಕಾಡು, ಊರು ಎಲ್ಲವನ್ನೂ ತೋರಿಸಿದರೆನ್ನುವುದೇ ಆಶ್ಚರ್ಯ. ಹಾಗಿದ್ದೂ ಜನ ಅದನ್ನು ದೂರಿದ್ದೇಕೆ?

ಅಳಿಯ: ಆಟದ ಸ್ವರೂಪವನ್ನು ಹೇಳಿದರೆ ದೂರಿನ ಕಾರಣ ತಾನೇ ತಿಳಿಯುತ್ತದೆ. ಜೀವಿಯು ತನ್ನವರೊಡನೆ ಮಾತಾಡಲು ಬೇಕಾದ ದೂರವಾಣಿಯ ಮೂರು ತುಂಡುಗಳು ನೆಲದ ಗುಂಡಿಗಳಲ್ಲಿ ಚದುರಿಬಿದ್ದಿವೆ. ಅವನ್ನು ಹುಡುಕಿ ಕೂಡಿಸಿ, ಕರೆ ಮಾಡಿ, ಆಕಾಶನೌಕೆ ಇಳಿಯುವ ಸ್ಥಳಕ್ಕೆ ಸಕಾಲದಲ್ಲಿ ತಲುಪಬೇಕು. ಆಡುವವನಿಗೆ 9,999 ಪ್ರಮಾಣದ ಶಕ್ತಿಯನ್ನು ಕೊಟ್ಟಿರುತ್ತಾರೆ. ಹೆಜ್ಜೆಯಿಟ್ಟಂತೆಲ್ಲ ಅದು ಕ್ಷಯಿಸುತ್ತದೆ. ಅಟ್ಟಿಸಿಕೊಂಡು ಬರುವ ಸರ್ಕಾರದ ಅಧಿಕಾರಿಯೊಬ್ಬ, ವಿಜ್ಞಾನಿಯೊಬ್ಬ ಬೇರೆ. ಕಷ್ಟವಿದ್ದುದು ಗುಂಡಿಗಳಲ್ಲಿ. ಜೀವಿಯ ಪಾದ ಗುಂಡಿಯ ಅಂಚಿನಿಂದ ದೂರವಿದ್ದರೂ, ಅದರ ಆಕೃತಿಯ ಯಾವುದೊಂದು ಬಿಂದು, ತಲೆಯ ತುದಿಯೇ ಆಗಲಿ, ಪರದೆಯ ಮೇಲೆ ಗುಂಡಿಯ ಚಿತ್ರವನ್ನು ಸೋಕಿತೆಂದರೆ ಸಾಕು, ಯಂತ್ರದ ಲೆಕ್ಕದಲ್ಲಿ ಅದು ಬಿದ್ದಂತೆಯೇ. ಬಿದ್ದ ಮೇಲೆ ಕತ್ತನ್ನು ನೀಳವಾಗಿ ಚಾಚಿ ತೇಲುತ್ತ ಮೇಲೇರಬೇಕು. ಮೇಲೆ ಬಂದ ಕ್ಷಣದಲ್ಲಿ ಕೈ ತುಸು ತಪ್ಪಿದರೆ ಮತ್ತೆ ಅದೇ ಗುಂಡಿ. ಹಬ್ಬದ ಉಡುಗೊರೆಯಾಗಿ ಇದನ್ನು ಪಡೆದ ಹತ್ತು ವರ್ಷದ ಮಗು, ಚಿತ್ರಮಂದಿರದಲ್ಲಿ ಕಂಡ ಆಕಾಶಯಾನವನ್ನು ಮನಸ್ಸಿನಲ್ಲಿಟ್ಟುಕೊಂಡು ಆಡಲು ಕುಳಿತರೆ, ಗಂಟೆಗಟ್ಟಲೆ ಗುಂಡಿಯಿಂದ ಗುಂಡಿಗೆ ಬೀಳುವುದೇ ಅದರ ಪಾಲಿಗೆ ಬಂದಿತು. ನಿರಾಶೆ ಸಹಜವಾಗಿತ್ತು, ಮಾವ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ದೋಷ ಎಷ್ಟು ಚಿಕ್ಕದೆಂಬುದಕ್ಕೆ ಸಾಕ್ಷ್ಯವೂ ಉಂಟು. ಮೂವತ್ತು ವರ್ಷಗಳ ತರುವಾಯ ಆಸಕ್ತರೊಬ್ಬರು ಆ ಪ್ರೋಗ್ರಾಮಿನ ಕೆಲವೇ ಬೈಟುಗಳನ್ನು ತಿದ್ದಿ, ಪಾದ ಗುಂಡಿಯನ್ನು ಮುಟ್ಟಿದಾಗ ಮಾತ್ರ ಬೀಳುವಂತೆ ಮಾಡಿ ತೋರಿಸಿದರು. ಐದು ವಾರಗಳ ಜೊತೆಗೆ ಇನ್ನೊಂದಷ್ಟು ದಿನ ದೊರೆತು, ನಾಲ್ಕು ಮಕ್ಕಳ ಕೈಗೆ ಕೊಟ್ಟು ಪರೀಕ್ಷಿಸಿದ್ದರೆ, ಅಂದೇ ಅದು ಸರಿಹೋಗುತ್ತಿತ್ತೆಂದು ನನ್ನ ದೃಢವಾದ ನಂಬಿಕೆ.

ಮಾವ: ಹಾಗಾದರೆ ಲೋಕ ದೂಷಿಸಿದ್ದು ಕೆಲಸಗಾರನನ್ನು, ದೂಷಿಸಬೇಕಾಗಿದ್ದುದು ಅವನಿಗೆ ಕೊಟ್ಟ ಅವಧಿಯನ್ನು. ಇದು ಎಲ್ಲ ಕಾಲದಲ್ಲಿಯೂ ನಡೆದುಬಂದಿರುವ ಅನ್ಯಾಯ. ಇರಲಿ, ಅದು ಮಣ್ಣು ಸೇರಿದ ಬಗೆಯನ್ನು ಹೇಳು.

ಅಳಿಯ: ಚಿತ್ರವನ್ನು ನೋಡಿದವರೆಲ್ಲ ಆಟವನ್ನೂ ಕೊಳ್ಳುವರೆಂಬ ಲೆಕ್ಕಾಚಾರದಿಂದ ಅಟಾರಿ ಸಂಸ್ಥೆ ಸುಮಾರು 40 ಲಕ್ಷ ಕಾರ್ಟ್ರಿಡ್ಜುಗಳನ್ನು ಸಿದ್ಧಪಡಿಸಿತೆಂದು ಹೇಳುತ್ತಾರೆ. ಮೊದಲ ವಾರಗಳಲ್ಲಿ ಮಾರಾಟ ಚೆನ್ನಾಗಿಯೇ ಇದ್ದರೂ ಬಹುಪಾಲು ಸರಕು ಅಂಗಡಿಗಳಲ್ಲಿಯೇ ಉಳಿದು ಹಿಂದಿರುಗಿತು. ಆದರೆ ಅದೊಂದೇ ಆಗಿದ್ದರೆ ಸಂಸ್ಥೆ ತಾಳಿಕೊಳ್ಳುತ್ತಿತ್ತು. ‘ಪ್ಯಾಕ್‌ಮ್ಯಾನ್’ ಆಟವನ್ನೂ ಕೊಳ್ಳುವವರ ಅಳತೆಗೆ ಮೀರಿ ತಯಾರಿಸಿದ್ದರು. 1979ರಲ್ಲಿ ಅಟಾರಿಯನ್ನೇ ಬಿಟ್ಟುಹೋದ ಪ್ರೋಗ್ರಾಮರುಗಳು ಕಟ್ಟಿದ ಆಕ್ಟಿವಿಷನ್ ಸಂಸ್ಥೆಯ ಯಶಸ್ಸನ್ನು ಕಂಡು, ಆಟವೆಂದರೇನೆಂಬುದನ್ನೇ ಅರಿಯದ ಹತ್ತಾರು ಸಂಸ್ಥೆಗಳು ಮಾರುಕಟ್ಟೆಗೆ ಕಳಪೆ ಸರಕನ್ನು ಸುರಿದಿದ್ದವು. ಕೈಗೆಟಕುವ ಬೆಲೆಯ ಮನೆ ಕಂಪ್ಯೂಟರುಗಳು ಬಂದಿದ್ದವು. 1982ರ ಡಿಸೆಂಬರ್ 7ರಂದು, ಎಂದರೆ ಹಬ್ಬದ ವ್ಯಾಪಾರ ಇನ್ನೂ ಮುಗಿಯದಿರುವಾಗಲೇ, ತಮ್ಮ ಲಾಭ ನಿರೀಕ್ಷಿಸಿದಷ್ಟು ಇರಲಾರದೆಂದು ವಾರ್ನರ್ ಸಂಸ್ಥೆ ಪ್ರಕಟಿಸಿತು. ಅದರ ಷೇರಿನ ಬೆಲೆ ಸುಮಾರು ಮೂರನೆಯ ಒಂದು ಪಾಲು ಕುಸಿಯಿತು. ಮರುವರ್ಷ ಅಟಾರಿಯ ನಷ್ಟ 50 ಕೋಟಿ ಡಾಲರನ್ನು ಮೀರಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ಟೆಕ್ಸಸ್ ಪ್ರಾಂತದ ಎಲ್ ಪಾಸೋ ಪಟ್ಟಣದಲ್ಲಿದ್ದ ಸಂಸ್ಥೆಯ ಉಗ್ರಾಣದಿಂದ ಲಾರಿಗಟ್ಟಲೆ ಸರಕು ನೆರೆಯ ನ್ಯೂ ಮೆಕ್ಸಿಕೋ ಪ್ರಾಂತದ ಅಲಮೊಗೊರ್ಡೊ ಎಂಬ ಊರಿನ ಕಸದ ಮೈದಾನಕ್ಕೆ ಹೋಯಿತು. ಅದನ್ನು ಯಂತ್ರದ ಚಕ್ರಕ್ಕೆ ಕೊಟ್ಟು ಜಜ್ಜಿ, ಮೇಲೆ ಮಣ್ಣು ಮುಚ್ಚಿ, ಊರ ಹುಡುಗರು ಕೆದಕಿ ಒಯ್ಯದಿರಲೆಂದು ಕಾಂಕ್ರೀಟನ್ನೂ ಸುರಿದರು. ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ ಇದನ್ನು ಅಂದೇ ವರದಿ ಮಾಡಿತ್ತು. ಆದರೂ ಕಾಲಕ್ರಮದಲ್ಲಿ ವರದಿ ಮರೆತು, ವದಂತಿ ಬೆಳೆದು, ಲಕ್ಷಾಂತರ ‘ಇ.ಟಿ.’ಗಳು ಮರುಭೂಮಿಯ ಗರ್ಭದಲ್ಲಿ ಮಲಗಿವೆಯೆಂದು ಕೆಲವರೂ, ಅದೆಲ್ಲ ಕಟ್ಟುಕಥೆಯೆಂದು ಕೆಲವರೂ ವಾದಿಸತೊಡಗಿದರು. ಆಟವನ್ನು ರಚಿಸಿದ ವಾರ್ಷಾ ಅವರೇ ಬಹುಕಾಲ ಎರಡನೆಯ ಪಕ್ಷದಲ್ಲಿದ್ದರು.

ಮಾವ: ಆ ವಿವಾದವನ್ನು ಹಾರೆ ಗುದ್ದಲಿಗಳೇ ತೀರಿಸಿದವೆನ್ನು.

ಅಳಿಯ: ಹೌದು. 2014ರ ಏಪ್ರಿಲ್ 26ರಂದು, ಜಾಕ್ ಪೆನ್ ಎಂಬ ನಿರ್ದೇಶಕರ ಸಾಕ್ಷ್ಯಚಿತ್ರದ ಸಲುವಾಗಿ, ಊರಾಡಳಿತದ ಅನುಮತಿಯಿಂದ ಆ ಸ್ಥಳವನ್ನು ಅಗೆದರು. ಹಿಂದೆ ಕಸದ ವಿಲೇವಾರಿಯಲ್ಲಿ ದುಡಿದಿದ್ದ ಸ್ಥಳೀಯರೊಬ್ಬರು ಹಳೆಯ ಛಾಯಾಚಿತ್ರಗಳನ್ನು ಹೋಲಿಸಿ ನೋಡಿ ಜಾಗವನ್ನು ಗುರುತಿಸಿಕೊಟ್ಟರು. ಅಗೆತ ನಡೆದದ್ದು ಪುರಾತತ್ತ್ವಜ್ಞರ ಸಮ್ಮುಖದಲ್ಲಿ. ಧೂಳಿನ ಬಿರುಗಾಳಿಯ ನಡುವೆ ನೂರಾರು ಅಭಿಮಾನಿಗಳು ಬೇಲಿಯ ಹೊರಗೆ ಕಾದು ನಿಂತಿದ್ದರು. ವಾರ್ಷಾ ಅವರೂ ಅಲ್ಲಿ ಇದ್ದರು. ಮೊದಲ ಕಾರ್ಟ್ರಿಡ್ಜ್ ಮೇಲೆ ಬಂದಾಗ ಅವರ ಕಣ್ಣು ತುಂಬಿತು. ತಾವು ಐದು ವಾರ ಹಗಲಿರುಳು ದುಡಿದು ಮಾಡಿದ ವಸ್ತು ಮೂವತ್ತು ವರ್ಷಗಳ ಮೇಲೂ ಇಷ್ಟು ಜನರನ್ನು ಒಂದು ಕಡೆ ಕೂಡಿಸಿತಲ್ಲ ಎಂಬ ಸಂತೋಷದಿಂದ.

ಮಾವ: ಆ ಸಂತೋಷ ಅವರಿಗೆ ಸಲ್ಲಬೇಕಾದದ್ದೇ. ಮುಂದೆ?

ಅಳಿಯ: ಸುಮಾರು 1,300 ಆಟಗಳನ್ನು ಹೊರತೆಗೆದು ಉಳಿದುದನ್ನು ಮತ್ತೆ ಮುಚ್ಚಿದರು. ಅಂದು ಹೂಳುವ ಹೊಣೆ ಹೊತ್ತಿದ್ದ ಅಟಾರಿಯ ಅಧಿಕಾರಿ ಹೂತ ಒಟ್ಟು ಸಂಖ್ಯೆ 7,28,000 ಎಂದು ಅಲ್ಲಿಯೇ ತಿಳಿಸಿದರು. ಇಲ್ಲಿ ಒಂದು ಮುಖ್ಯ ಸಂಗತಿಯನ್ನು ಗಮನಿಸಬೇಕು, ಮಾವ. ಮೇಲೆ ಬಂದವುಗಳಲ್ಲಿ ‘ಇ.ಟಿ.’ಯ ಪಾಲು ಅಲ್ಪವಾಗಿತ್ತು. ‘ಸೆಂಟಿಪೀಡ್’, ‘ಮಿಸೈಲ್ ಕಮಾಂಡ್’, ‘ಡಿಫೆಂಡರ್’, ‘ಆಸ್ಟೆರಾಯ್ಡ್ಸ್’ ಮೊದಲಾದ, ಜನ ಮೆಚ್ಚಿ ಆಡಿದ ಆಟಗಳೂ ಅದೇ ಗುಂಡಿಯಲ್ಲಿದ್ದವು. ತರುವಾಯ ಊರಾಡಳಿತವು 880ಕ್ಕೂ ಹೆಚ್ಚು ಪ್ರತಿಗಳನ್ನು ಈಬೇಯಲ್ಲಿ ಹರಾಜಿಗಿಟ್ಟು 1,07,000 ಡಾಲರಿಗೂ ಮಿಕ್ಕಿದ ಹಣವನ್ನು ಪಡೆಯಿತು. ಅತ್ಯಧಿಕ ಬೆಲೆ ಬಂದದ್ದು ಒಂದು ‘ಇ.ಟಿ.’ ಪ್ರತಿಗೆ, ಅದು 1,500 ಡಾಲರನ್ನು ದಾಟಿತು. ಕೆಲವನ್ನು ವಸ್ತುಸಂಗ್ರಹಾಲಯಗಳಿಗೆ ಕೊಟ್ಟರು. ಒಂದು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯನ್ನು ಸೇರಿತು. ಅದೇ ಆಟದ ಸ್ವಚ್ಛವಾದ, ಕೆಲಸಮಾಡುವ ಪ್ರತಿ, ಇಗೋ ಈ ಮೇಜಿನ ಮೇಲಿರುವಂಥದು, ಹತ್ತು ಡಾಲರಿನ ಆಸುಪಾಸಿನಲ್ಲಿ ದೊರೆಯುತ್ತದೆ.

ಮಾವ: ಹತ್ತಕ್ಕೂ ಸಾವಿರದೈನೂರಕ್ಕೂ ನಡುವಣ ಅಂತರವೇ ನನ್ನ ಪ್ರಶ್ನೆ. ಸಂಗ್ರಾಹಕರು ಸಾಧಾರಣವಾಗಿ ಯಾವ ಗುಣಕ್ಕೆ ಹಣ ಕೊಡುತ್ತಾರೆಂಬುದನ್ನು ಮೊದಲು ವಿಂಗಡಿಸಿ ಹೇಳು. ಆಮೇಲೆ ಈ ಅಂತರವನ್ನು ಅಳೆಯೋಣ.

ಅಳಿಯ: ಮೂರು ಗುಣಗಳಿಗೆಂದು ಹೇಳಬಹುದು. ಮೊದಲನೆಯದು ವಿರಳತೆ. ‘ಏರ್ ರೇಡ್’ ಎಂಬ ಇನ್ನೊಂದು ಆಟವುಂಟು. ನಗರದ ಮೇಲೆ ಆಕಾಶದಿಂದ ಎರಗುವ ಹಾರುತಟ್ಟೆಗಳನ್ನು ಹೊಡೆದುರುಳಿಸುವುದು ಅದರ ವಸ್ತು. ಮೆನ್-ಎ-ವಿಷನ್ ಎಂಬ ಅಜ್ಞಾತ ಸಂಸ್ಥೆ ಅದನ್ನು ಮೇಲ್ಗಡೆ ಹಿಡಿಯಿರುವ ನೀಲಿ ಡಬ್ಬಿಯಲ್ಲಿ ಹೊರತಂದಿತು. ಉಳಿದಿರುವ ಪ್ರತಿಗಳು ಬೆರಳೆಣಿಕೆಯವು. ರಟ್ಟಿನ ಪೆಟ್ಟಿಗೆಯ ಸಮೇತ ಸಿಕ್ಕ ಒಂದು ಪ್ರತಿ 2010ರಲ್ಲಿ 31,600 ಡಾಲರಿಗೆ ಮಾರಾಟವಾಯಿತು. ಆಟ ಸಾಧಾರಣವಾದದ್ದು, ಆದರೆ ಆ ಸಂಸ್ಥೆ ಇತ್ತೆಂಬುದಕ್ಕೆ ಅದೇ ಉಳಿದಿರುವ ಕುರುಹು. ಎರಡನೆಯದು ಸ್ಥಿತಿ. ಒಡೆಯದ ಪ್ಲಾಸ್ಟಿಕ್ ಹೊದಿಕೆ, ಮುಕ್ಕಾಗದ ಮೂಲೆ, ಬಿಸಿಲಿಗೆ ಮಾಸದ ಬಣ್ಣ ಇವನ್ನು ಪರಿಶೀಲಿಸಿ ಅಂಕ ಕೊಟ್ಟು ಗಟ್ಟಿಯಾದ ಪಾರದರ್ಶಕ ಪೆಟ್ಟಿಗೆಯಲ್ಲಿ ಮುಚ್ಚಿಕೊಡುವ ಸಂಸ್ಥೆಗಳು ಹುಟ್ಟಿಕೊಂಡಿವೆ. ಹೀಗೆ ಅಂಕ ಪಡೆದ ‘ಸೂಪರ್ ಮಾರಿಯೋ 64’ ಆಟದ ಒಂದು ಪ್ರತಿ 2021ರ ಜುಲೈಯಲ್ಲಿ ಹೆರಿಟೇಜ್ ಆಕ್ಷನ್ಸ್ ಸಂಸ್ಥೆಯ ಹರಾಜಿನಲ್ಲಿ 15,60,000 ಡಾಲರಿಗೆ ಹೋಯಿತು. ಆ ಆಟ ಜಗತ್ತಿನಲ್ಲಿ ಕೋಟಿಗೂ ಹೆಚ್ಚು ಪ್ರತಿ ಮಾರಾಟವಾದದ್ದು. ಮೂರನೆಯದು ಪೂರ್ವೋತ್ತರ, ಎಂದರೆ ಈ ವಸ್ತು ಎಲ್ಲಿಂದ, ಯಾರ ಕೈಯಿಂದ, ಯಾವ ಸಂದರ್ಭವನ್ನು ಹಾದು ನಮ್ಮವರೆಗೆ ಬಂದಿತೆಂಬ ಇತಿಹಾಸ.

ಮಾವ: ಎರಡನೆಯ ಗುಣ ನನ್ನ ಮನಸ್ಸಿಗೆ ಅಷ್ಟಾಗಿ ಹಿಡಿಸುವುದಿಲ್ಲಪ್ಪ. ಆಟವೆಂಬುದು ಆಡಲು ಹುಟ್ಟಿದ್ದು. ಅದನ್ನು ಎಂದೂ ತೆರೆಯದಂತೆ ಮುದ್ರೆಯೊತ್ತಿ ಇಟ್ಟು, ತೆರೆಯದಿರುವುದಕ್ಕೇ ಬೆಲೆ ಕೊಡುವುದಾದರೆ, ಆ ಹೊದಿಕೆಯೊಳಗೆ ಆಟವಿದೆಯೋ ಇಲ್ಲವೋ ಎಂಬುದು ಕೂಡ ಕೊಳ್ಳುವವನಿಗೆ ಮುಖ್ಯವಲ್ಲವೆಂದಾಯಿತು. ಇಂದಿನವನು ಕೊಡುವ ಬೆಲೆ ನಾಳೆಯವನು ಇನ್ನೂ ಹೆಚ್ಚು ಕೊಟ್ಟಾನೆಂಬ ನಿರೀಕ್ಷೆಯ ಮೇಲೆ ನಿಂತಿರುವ ತನಕ ಅದು ಸಟ್ಟಾ ವ್ಯಾಪಾರವೇ ಹೊರತು ಸಂಗ್ರಹವಲ್ಲ. ವಿರಳತೆಯ ವಿಷಯದಲ್ಲಿ ನನಗೆ ತಕರಾರಿಲ್ಲ. ಏಕೈಕ ಕುರುಹನ್ನು ಕಾಪಾಡತಕ್ಕದ್ದೇ. ಆದರೆ ಮೂರನೆಯ ಗುಣವನ್ನು ಇನ್ನೂ ವಿವರಿಸು.

ಅಳಿಯ: ವಿವರಿಸುತ್ತೇನೆ. ಗುಂಡಿಯಿಂದ ಬಂದ ಆ ಪ್ರತಿಗಳನ್ನು ಕೊಂಡವರಿಗೆ ಊರಾಡಳಿತ ಎರಡು ವಸ್ತುಗಳನ್ನು ಜೊತೆಗೆ ಕೊಟ್ಟಿತು: ಕ್ರಮಸಂಖ್ಯೆಯುಳ್ಳ ಒಂದು ಗುರುತಿನ ಚೀಟಿ, ಈ ಪ್ರತಿ ಇಂಥ ಸ್ಥಳದಿಂದ ತೆಗೆದದ್ದೆಂದು ದೃಢೀಕರಿಸುವ ಒಂದು ಪ್ರಮಾಣಪತ್ರ. ಅಂಥದೊಂದು ಪ್ರತಿಯ ಛಾಯಾಚಿತ್ರವನ್ನು ನಿಮಗೆ ತೋರಿಸುತ್ತೇನೆ, ನೋಡಿ. ಡಬ್ಬಿ ಒಂದು ಮಗ್ಗುಲಲ್ಲಿ ಸೀಳಿದೆ. ಲೇಬಲ್ ಸುಕ್ಕುಗಟ್ಟಿ ಅಕ್ಷರಗಳು ಅರ್ಧಕ್ಕರ್ಧ ಅಳಿಸಿವೆ. ಸೀಳಿನೊಳಗೆ ಮಣ್ಣು ಕಲ್ಲಿನಂತೆ ಗಟ್ಟಿಯಾಗಿ ಕುಳಿತಿದೆ. ಇದನ್ನು ಯಂತ್ರಕ್ಕೆ ಹಾಕಿ ಆಡುವ ಆಸೆ ಯಾರಿಗೂ ಇಲ್ಲ. ಆಡಬೇಕಾದರೆ ಈ 8 ಕಿಲೋಬೈಟಿನ ಪ್ರೋಗ್ರಾಮನ್ನು ಕ್ಷಣಾರ್ಧದಲ್ಲಿ ನಕಲು ಮಾಡಿಕೊಂಡು ಕಂಪ್ಯೂಟರಿನಲ್ಲಿಯೇ ಆಡಬಹುದು. ಹೀಗೆ ಆಟದ ಸಾರವೆಲ್ಲ ಬಹುತೇಕ ಬೆಲೆಯಿಲ್ಲದೆ ದೊರೆಯುತ್ತಿರುವಾಗ, ಈ ಜಜ್ಜಿದ ಡಬ್ಬಿಯಲ್ಲಿ ಮಾತ್ರ ಉಳಿದಿರುವುದು ಏನು? ಯಂತ್ರದ ಚಕ್ರ ಅದರ ಮೇಲೆ ಹಾದುಹೋದ ಗುರುತು. ಮೂವತ್ತು ವರ್ಷ ನೆಲದಡಿಯಲ್ಲಿದ್ದ ಮಣ್ಣು. ಅತಿಲೋಭದಿಂದ ತಯಾರಿಸಿ, ಆತುರದಿಂದ ಮಾರಹೊರಟು, ಗುಟ್ಟಾಗಿ ಬಿಸುಟ ಒಂದು ಉದ್ಯಮದ ನಡತೆಗೆ ಅದು ಸಾಕ್ಷಿ. ಸಾಕ್ಷಿಯನ್ನು ನಕಲು ಮಾಡಲಾಗುವುದಿಲ್ಲ; ಆದುದರಿಂದ ಅದಕ್ಕೆ ಬೆಲೆ.

ಮಾವ: ಈಗ ನಿನ್ನ ವಾದ ನನಗೆ ಸ್ಪಷ್ಟವಾಗುತ್ತಿದೆ. ತಾಮ್ರಶಾಸನವೊಂದು ಸಿಕ್ಕಿದರೆ ಅದರ ಮೌಲ್ಯವನ್ನು ತಾಮ್ರದ ತೂಕದಿಂದ ಯಾರೂ ಕಟ್ಟುವುದಿಲ್ಲ. ಅದರ ಪಾಠವನ್ನು ಅಚ್ಚುಹಾಕಿ ಪ್ರಕಟಿಸಿದ ಮೇಲೂ ಮೂಲ ಹಲಗೆಯನ್ನು ಕಾಪಾಡುತ್ತೇವೆ, ಏಕೆಂದರೆ ಆ ಕೆತ್ತನೆಯೂ ಆ ಮುದ್ರೆಯೂ ಕಾಲದ ಕೈಬರಹ. ಆದರೆ ಶಾಸನಗಳ ವಿಷಯದಲ್ಲಿ ವಿದ್ವಾಂಸರು ಮೊದಲು ಕೇಳುವ ಪ್ರಶ್ನೆ ಇನ್ನೊಂದುಂಟು: ಇದು ಕೂಟಶಾಸನವಲ್ಲವಷ್ಟೆ? ನಿನ್ನ ಹತ್ತು ಡಾಲರಿನ ಪ್ರತಿಯನ್ನೇ ಜಜ್ಜಿ ಹಿತ್ತಲಲ್ಲಿ ಹೂತು ಒಂದು ಮಳೆಗಾಲ ಕಳೆದು ತೆಗೆದರೆ, ನೋಡುವವನ ಕಣ್ಣಿಗೆ ಅದೂ ಇದೂ ಒಂದೇ ಅಲ್ಲವೆ?

ಅಳಿಯ: ಕಣ್ಣಿಗೆ ಒಂದೇ. ಆದುದರಿಂದಲೇ ಆ ಚೀಟಿಯೂ ಪ್ರಮಾಣಪತ್ರವೂ ವಸ್ತುವಿನಷ್ಟೇ ಮುಖ್ಯ. ಅವು ಬೇರೆಯಾದ ದಿನ ವಸ್ತು ಮತ್ತೆ ಕಸವೇ. ಅಗೆತದ ಸಮಯದಲ್ಲಿ ಪುರಾತತ್ತ್ವಜ್ಞರು ಇದ್ದು, ಯಾವ ಪದರದಲ್ಲಿ ಏನು ಸಿಕ್ಕಿತೆಂದು ದಾಖಲಿಸಿದ್ದರಿಂದಲೇ ಆ ಪ್ರಮಾಣಪತ್ರಕ್ಕೆ ಗೌರವ ಬಂದಿತು.

ಮಾವ: ಒಪ್ಪಿದೆ. ಆದರೆ ಈಗ ಇನ್ನೂ ಆಳವಾದ ಸಂಶಯವೊಂದು ಹುಟ್ಟುತ್ತದೆ. ಅದಕ್ಕೆ ನಿಧಾನವಾಗಿ ಯೋಚಿಸಿ ಉತ್ತರ ಹೇಳು. ಬೆಲೆ ಸಾಕ್ಷ್ಯಕ್ಕೆಂದೆ. ಯಾವ ಸಂಗತಿಗೆ ಸಾಕ್ಷ್ಯವೆಂದು ಕೊಳ್ಳುವವರು ತಿಳಿದಿದ್ದಾರೆ? ಈ ಒಂದೇ ಆಟ ಒಂದು ಉದ್ಯಮವನ್ನೇ ಮುಳುಗಿಸಿತು, ಲೋಕದ ಅತ್ಯಂತ ಕೆಟ್ಟ ಆಟ ಇದೇ, ಮರುಭೂಮಿಯಲ್ಲಿ ಇದೊಂದನ್ನೇ ಲಕ್ಷಗಟ್ಟಲೆ ಹೂತರು ಎಂಬ ಪ್ರತೀತಿಯಿಂದ ತಾನೆ ಉಳಿದ ಆಟಗಳಿಗಿಂತ ‘ಇ.ಟಿ.’ಗೆ ಹರಾಜಿನಲ್ಲಿ ಅಗ್ರಸ್ಥಾನ ದೊರೆತದ್ದು? ಆದರೆ ನೀನೇ ಈಗ ಹೇಳಿದ ಪ್ರಕಾರ ಉದ್ಯಮದ ಪತನಕ್ಕೆ ಕಾರಣಗಳು ಅನೇಕ. ಆಟದ ದೋಷ ಕೆಲವೇ ಬೈಟುಗಳದು. ಗುಂಡಿಯಲ್ಲಿದ್ದುದು ಬಹುಪಾಲು ಬೇರೆ ಆಟಗಳು. ಹಾಗಾದರೆ ಸತ್ಯ ಹೇಳಿದಷ್ಟೂ ನಿನ್ನ ವಸ್ತುವಿನ ಬೆಲೆ ಇಳಿಯುವುದಿಲ್ಲವೆ? ಸಂಗ್ರಾಹಕನ ಲಾಭ ಉತ್ಪ್ರೇಕ್ಷೆಯ ಪಕ್ಷದಲ್ಲಿಯೂ ಧರ್ಮ ಸತ್ಯದ ಪಕ್ಷದಲ್ಲಿಯೂ ಇರುವಾಗ ಅವನು ಯಾವ ಕಡೆ ನಿಲ್ಲಬೇಕು?

ಅಳಿಯ: ಸತ್ಯದ ಕಡೆ, ಮಾವ, ಬೆಲೆ ಇಳಿದರೂ ಸರಿಯೆ. ಇದನ್ನು ನಾನು ಆದರ್ಶದ ಮಾತಾಗಿ ಮಾತ್ರ ಹೇಳುತ್ತಿಲ್ಲ. ಆ ಅಗೆತವೇ ಇದಕ್ಕೆ ದೃಷ್ಟಾಂತ. ಪ್ರತೀತಿ ನಿಜವೆಂದು ತೋರಿಸಲು ಹೊರಟವರಿಗೆ ಗುಂಡಿ ಕೊಟ್ಟ ಉತ್ತರ, ಪ್ರತೀತಿ ಅರ್ಧ ನಿಜವೆಂಬುದು: ಹೂತದ್ದು ನಿಜ, ಆದರೆ ಹೂತದ್ದು ಒಂದು ಆಟದ ಅಪಕೀರ್ತಿಯನ್ನಲ್ಲ, ಒಂದು ಸಂಸ್ಥೆಯ ಮಿತಿಮೀರಿದ ದಾಸ್ತಾನನ್ನು. ಒಳ್ಳೆಯ ಆಟಗಳೂ ಕೆಟ್ಟವೆನಿಸಿದ ಆಟವೂ ಒಂದೇ ಮಣ್ಣಿನಡಿ ಸಮವಾಗಿ ಮಲಗಿದ್ದವು. ಈ ಸಂಗತಿ ಉತ್ಪ್ರೇಕ್ಷೆಗಿಂತ ಹೆಚ್ಚು ಬೋಧಪ್ರದವೆಂದು ನನಗೆ ತೋರುತ್ತದೆ. ಉತ್ಪ್ರೇಕ್ಷೆಯನ್ನು ನಂಬಿದರೆ ದೂರಬೇಕಾದವರು ಒಬ್ಬರೇ. ಸತ್ಯವನ್ನು ನಂಬಿದರೆ ಹಕ್ಕಿಗೆ ಕೋಟಿಗಟ್ಟಲೆ ಸುರಿದು ಕೆಲಸಕ್ಕೆ ಐದು ವಾರ ಕೊಟ್ಟ ವ್ಯವಹಾರಕ್ರಮವನ್ನು ವಿಚಾರಿಸಬೇಕಾಗುತ್ತದೆ. ಆ ವಿಚಾರ ಇಂದಿಗೂ ಪ್ರಸ್ತುತವಾದದ್ದು.

ಮಾವ: ಇನ್ನೊಂದು ಮಾತು. ಈ ಮೌಲ್ಯವೆಲ್ಲ ಬಾಲ್ಯಸ್ಮೃತಿಯ ಫಲವಿರಬಹುದೆ? ಅಂದು ಹತ್ತು ವರ್ಷದವರಾಗಿ ಆ ಆಟವನ್ನು ಆಡಿದವರು ಈಗ ಮಧ್ಯವಯಸ್ಸನ್ನು ದಾಟಿ, ಕೈಯಲ್ಲಿ ಹಣವುಳ್ಳವರಾಗಿದ್ದಾರೆ. ಆ ತಲೆಮಾರು ಮರೆಯಾದ ಮೇಲೆ ಇದನ್ನು ಕೇಳುವವರು ಯಾರು?

ಅಳಿಯ: ಬೆಲೆಯ ಒಂದು ಭಾಗ ನಿಶ್ಚಯವಾಗಿಯೂ ಅದೇ, ಆ ಭಾಗ ಆ ತಲೆಮಾರಿನೊಡನೆ ಕ್ಷೀಣಿಸಲೂಬಹುದು. ಆದರೆ ನನ್ನ ಮಟ್ಟಿಗೆ ಹೇಳುವುದಾದರೆ, ಆ ಬಾಲ್ಯ ನನ್ನದಲ್ಲ; ನಾನು ಹುಟ್ಟುವ ಹೊತ್ತಿಗೆ ಆ ಕಾರ್ಟ್ರಿಡ್ಜುಗಳು ಆಗಲೇ ನೆಲದಡಿ ಇದ್ದವು. ಆದರೂ ನನಗೆ ಅದರಲ್ಲಿ ಅಕ್ಕರೆ ಹುಟ್ಟಿದ್ದು ಏತರಿಂದ ಎಂದರೆ, ಆಟದ ಒಳಗಿನ ಒಂದು ಚಿಕ್ಕ ಸಂಗತಿಯಿಂದ. ಗುಂಡಿಯೊಂದರಲ್ಲಿ ಬಾಡಿದ ಹೂವೊಂದಿದೆ. ಜೀವಿಯು ಅದರ ಬಳಿ ತನ್ನ ಶಕ್ತಿಯನ್ನು ಪ್ರಯೋಗಿಸಿದರೆ ಹೂವು ಮತ್ತೆ ಅರಳಿ ನಿಲ್ಲುತ್ತದೆ. ಕೆಲವು ನಿಯಮಗಳನ್ನು ಪಾಲಿಸಿ ಆಡಿದವನಿಗೆ ಆ ಹೂವು ಮಾರ್ಪಟ್ಟು, ವಾರ್ಷಾ ಅವರ ಹಿಂದಿನ ಆಟಗಳ ಪಾತ್ರಗಳಾಗಿ ಹಾರಿಹೋಗುತ್ತದೆ. ಅವರ ಹೆಸರಿನ ಮೊದಲಕ್ಷರಗಳೂ ಕಾಣಿಸಿಕೊಳ್ಳುತ್ತವೆ. ಅಟಾರಿಯಲ್ಲಿ ಪ್ರೋಗ್ರಾಮರನ ಹೆಸರನ್ನು ಆಟದ ಮೇಲೆ ಹಾಕುವ ಪದ್ಧತಿ ಮೊದಲಿಂದ ಇರಲಿಲ್ಲ. ಆಕ್ಟಿವಿಷನ್ನನ್ನು ಕಟ್ಟಿದವರು ಅಟಾರಿಯನ್ನು ಬಿಡಲು ಆ ಅನಾದರವೂ ಒಂದು ಕಾರಣ. ವಾರೆನ್ ರಾಬಿನೆಟ್ ಎಂಬವರು ತಮ್ಮ ‘ಅಡ್ವೆಂಚರ್’ ಆಟದ ಗುಪ್ತ ಕೊಠಡಿಯೊಂದರಲ್ಲಿ ಸ್ವಂತ ಹೆಸರನ್ನು ಅಡಗಿಸಿಟ್ಟದ್ದೂ ಅದೇ ಕಾರಣದಿಂದ. ಒಂದೊಂದು ಬೈಟಿಗೂ ಲೆಕ್ಕವಿದ್ದ ಆ 8 ಕಿಲೋಬೈಟಿನಲ್ಲಿ, ಒಂದೊಂದು ಗಂಟೆಗೂ ಲೆಕ್ಕವಿದ್ದ ಆ ಐದು ವಾರಗಳಲ್ಲಿ, ಒಂದು ಹೂವಿಗೂ ತನ್ನ ಹೆಸರಿಗೂ ಸ್ಥಳ ಮಾಡಿಕೊಂಡ ಮನುಷ್ಯನನ್ನು ನಿಷ್ಪ್ರಯೋಜಕನೆಂದು ಹೇಗೆ ತಳ್ಳಿಹಾಕೋಣ? ಬಾಲ್ಯಸ್ಮೃತಿ ಅಳಿದ ಮೇಲೂ ಈ ಕುಶಲತೆ ಉಳಿಯುತ್ತದೆ. ಅದನ್ನು ನೋಡಬಲ್ಲವರೂ ಹುಟ್ಟುತ್ತಲೇ ಇರುತ್ತಾರೆ.

ಮಾವ: ಈ ಹೂವಿನ ವಿಷಯವನ್ನು ನೀನು ಮೊದಲೇ ಹೇಳಿದ್ದರೆ ನನ್ನ ಪ್ರಶ್ನೆಗಳು ಅರ್ಧಕ್ಕೆ ಇಳಿಯುತ್ತಿದ್ದವು. ಆದರೂ ಕೊನೆಯದಾಗಿ ಕೇಳುತ್ತೇನೆ: ಸಾಕ್ಷ್ಯವನ್ನು ಕೈಯಲ್ಲಿಟ್ಟುಕೊಂಡವನು ಮಾಡಬೇಕಾದದ್ದೇನು? ಬೀರುವಿನಲ್ಲಿ ಬೀಗ ಹಾಕಿಟ್ಟ ಸಾಕ್ಷಿ ಯಾವ ನ್ಯಾಯಾಲಯಕ್ಕೂ ಉಪಯೋಗವಿಲ್ಲ.

ಅಳಿಯ: ನನ್ನ ಬುದ್ಧಿಗೆ ತೋಚಿದ್ದನ್ನು ಹೇಳುತ್ತೇನೆ. ಕೈಗೆ ಬಂದ ಪ್ರತಿಯ ಪೂರ್ವೋತ್ತರವನ್ನು, ಯಾರಿಂದ, ಎಂದು, ಎಷ್ಟಕ್ಕೆ ಕೊಂಡದ್ದೆಂಬುದನ್ನು, ಬರೆದು ವಸ್ತುವಿನ ಜೊತೆಯಲ್ಲಿಯೇ ಇಡಬೇಕು. ಪೆಟ್ಟಿಗೆ, ಕೈಪಿಡಿ, ಕಾರ್ಟ್ರಿಡ್ಜುಗಳನ್ನು ಬಿಡಿಬಿಡಿಯಾಗಿ ಮಾರಿ ಲಾಭ ನೋಡಬಾರದು. ಚಿಪ್ಪಿನೊಳಗಿನ ಪ್ರೋಗ್ರಾಮನ್ನು ಯಾವುದೇ ಹಾನಿಯಾಗದಂತೆ ಓದಿ ನಕಲಿಟ್ಟುಕೊಳ್ಳಬೇಕು; ವಿಶೇಷವಾಗಿ ಮಾರುಕಟ್ಟೆಗೆ ಬರದೆ ನಿಂತ ಪ್ರಾಯೋಗಿಕ ಪ್ರತಿಗಳ ವಿಷಯದಲ್ಲಿ ಇದು ಅವಶ್ಯಕರ್ತವ್ಯ, ಏಕೆಂದರೆ ಅವುಗಳಲ್ಲಿ ಬಳಸಿದ ಅಳಿಸಿ ಬರೆಯಬಲ್ಲ ಚಿಪ್ಪುಗಳು ಕಾಲಾಂತರದಲ್ಲಿ ತಾವೇ ಮರೆಯತೊಡಗುತ್ತವೆ. ಲೋಹದ ಪಟ್ಟಿಗಳಿಗೆ ಕಿಲುಬು ಹಿಡಿಯದಂತೆ ಸ್ಪಿರಿಟ್ಟಿನಿಂದ ಒರೆಸಿ, ಬಿಸಿಲು ತಗಲದೆಡೆ ಇಡಬೇಕು. ಆದರೆ ಅಲಮೊಗೊರ್ಡೊದಿಂದ ಬಂದ ಪ್ರತಿಯ ಮಣ್ಣನ್ನು ಮಾತ್ರ ತೊಳೆಯಬಾರದು. ಅಧ್ಯಯನ ಮಾಡಬಯಸುವವರು ಬಂದರೆ ಬಾಗಿಲು ತೆರೆಯಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಕಥೆಯನ್ನು ಹೇಳುವಾಗ ಬೆಲೆ ಏರಲೆಂದು ಒಂದು ಮಾತನ್ನೂ ಹೆಚ್ಚಿಸಬಾರದು.

ಮಾವ: ಇಷ್ಟನ್ನು ಪಾಲಿಸುವ ಸಂಗ್ರಾಹಕನನ್ನು ನಾನು ವ್ಯಾಪಾರಿಯೆಂದು ಕರೆಯಲಾರೆ, ಭ್ರಾಂತನೆಂದಂತೂ ಕರೆಯಲಾರೆ. ಬೆಲೆಯೆಂಬುದು ಕೊಳ್ಳುವವನ ಜೇಬಿಗೂ ಆ ದಿನದ ಪೈಪೋಟಿಗೂ ಸಂಬಂಧಪಟ್ಟದ್ದು. ಅದು ಏರಲಿ, ಇಳಿಯಲಿ, ಅದರಿಂದ ಇತಿಹಾಸಕ್ಕೆ ಆಗುವುದೂ ಹೋಗುವುದೂ ಏನಿಲ್ಲ. ಆದರೆ ಆ ಬೆಲೆಯ ಆಸೆಯಿಂದಲಾದರೂ ಜನ ಇಂಥ ವಸ್ತುಗಳನ್ನು ಬಿಸಾಡದೆ ಉಳಿಸಿಕೊಂಡರೆ, ಬೆಲೆಯಿಂದ ಒಂದು ಸತ್ಕಾರ್ಯ ನಡೆದಂತಾಯಿತು. ಒಂದು ಮಾತನ್ನು ಮಾತ್ರ ನಿನ್ನ ಪಟ್ಟಿಗೆ ನಾನು ಸೇರಿಸುತ್ತೇನೆ. ನಿನ್ನ ಸಂಗ್ರಹದ ಪ್ರತಿಯೊಂದು ಆಟದ ಪಕ್ಕದಲ್ಲಿಯೂ ಅದನ್ನು ರಚಿಸಿದವರ ಹೆಸರನ್ನು, ತಿಳಿದುಬಂದ ಮಟ್ಟಿಗೆ, ದೊಡ್ಡ ಅಕ್ಷರಗಳಲ್ಲಿ ಬರೆದಿಡು. ಸಂಸ್ಥೆಗಳ ಹೆಸರು ಪೆಟ್ಟಿಗೆಗಳ ಮೇಲೆ ತಾನಾಗಿ ಉಳಿಯುತ್ತದೆ. ಕೆಲಸ ಮಾಡಿದವನ ಹೆಸರನ್ನು ಯಾರಾದರೂ ಉಳಿಸಬೇಕು, ಮತ್ತು ಆ ಕೆಲಸಕ್ಕೆ ಸಂಗ್ರಾಹಕನಿಗಿಂತ ಹತ್ತಿರದವರು ಬೇರೆ ಯಾರೂ ಇಲ್ಲ.

ಅಳಿಯ: ಹಾಗೆಯೇ ಆಗಲಿ, ಮಾವ. ಇಂದೇ ಆರಂಭಿಸುತ್ತೇನೆ, ಹೆಸರು ತಿಳಿಯದ ಆಟಗಳು ಬಹಳ ಇವೆ, ಅವನ್ನು ಹುಡುಕಿ ತಿಳಿಯುವುದೇ ಇನ್ನು ಮುಂದೆ ನನ್ನ ಸಂಗ್ರಹದ ಮುಖ್ಯ ಕೆಲಸವಾಗಲಿ.